ಆಸ್ತಿಕ-ನಾಸ್ತಿಕ ವಿಭಾಗವೂ ಕನ್ನಡ ಕಾದಂಬರಿಯ ಕೆಲವು ವ್ಯಕ್ತಿಗಳೂ

ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯನ್ನು ಕಾಲೇಜಿನಲ್ಲಿ ಪಾಠ ಹೇಳಿದ ಅಧ್ಯಾಪಕರಿಗೆಲ್ಲ ಒಂದು ಪ್ರಶ್ನೆ ಚಿರಪರಿಚಿತ. ಪುಸ್ತಕ ಅರ್ಧಕ್ಕೆ ಬರುವ ಮೊದಲೇ ತರಗತಿಯ ಯಾವುದೋ ಒಂದು ಬೆಂಚಿನಿಂದ ಅದು ಏಳುತ್ತದೆ: ಈ ಅಜ್ಜಿ ದೇವರನ್ನು ನಂಬುವವಳೋ, ನಂಬದವಳೋ? ಕೇಳಿದ ವಿದ್ಯಾರ್ಥಿಗೆ ಉತ್ತರ ಒಂದೇ ಪದದಲ್ಲಿ ಬೇಕು. ಟಿಪ್ಪಣಿಯ ಪುಸ್ತಕದಲ್ಲಿ ಅದಕ್ಕೆ ಬಿಟ್ಟಿರುವ ಜಾಗವೂ ಅಷ್ಟೇ. ಪ್ರಶ್ನಪತ್ರಿಕೆಗಳು ಇದೇ ಕುತೂಹಲವನ್ನು ಇನ್ನಷ್ಟು ಗಂಭೀರವಾದ ಮಾತಿನಲ್ಲಿ ಪ್ರಕಟಿಸುತ್ತವೆ. ಕಾರಂತರ ನಾಸ್ತಿಕದೃಷ್ಟಿಯನ್ನು ವಿವರಿಸಿರಿ ಎಂದು ಒಂದು ವರ್ಷ, ಅವರ ಆಧ್ಯಾತ್ಮಿಕದೃಷ್ಟಿಯನ್ನು ವಿವರಿಸಿರಿ ಎಂದು ಮತ್ತೊಂದು ವರ್ಷ. ಅವೇ ಪುಟಗಳಿಂದ ಆಧಾರಗಳನ್ನೆತ್ತಿ ಎರಡಕ್ಕೂ ಬರೆಯಬಹುದು. ಎರಡಕ್ಕೂ ಅಂಕ ದೊರೆಯುತ್ತದೆ. ಉತ್ತರಪತ್ರಿಕೆಗಳನ್ನು ನೋಡುವ ಕೆಲಸದಲ್ಲಿ ನಾವೂ ಎರಡಕ್ಕೂ ಅಂಕ ಕೊಟ್ಟವರೇ. ಕೊಟ್ಟ ಮೇಲೆ ಉಳಿದ ಸಂಕೋಚವೇ ಈ ಲೇಖನಕ್ಕೆ ಪ್ರೇರಣೆ.

ಪ್ರಶ್ನೆ ಕೇಳಿದವರ ಮೇಲೆ ನಮಗೆ ಆಕ್ಷೇಪವಿಲ್ಲ. ಓದುತ್ತಿರುವ ಪುಸ್ತಕದ ವ್ಯಕ್ತಿ ಎಂಥವಳೆಂದು ತಿಳಿಯುವ ಆಸೆ ಸಹಜವಾದುದು. ಆದರೆ ‘ಎಂಥವಳು’ ಎಂಬ ಪ್ರಶ್ನೆ ‘ಯಾವ ಪಕ್ಷದವಳು’ ಎಂಬುದಾಗಿ ಯಾವಾಗ ಬದಲಾಯಿತು, ಹಾಗೆ ಬದಲಾದಾಗ ಕೃತಿಯಲ್ಲಿರುವ ಯಾವ ಸಂಗತಿ ನಮ್ಮ ಕಣ್ಣಿಗೆ ಬೀಳದೆ ಹೋಯಿತು ಎಂಬುದನ್ನು ವಿಚಾರಿಸುವುದು ಅವಶ್ಯ. ಕಾರಂತರ ‘ಅಳಿದ ಮೇಲೆ’ (೧೯೬೦), ‘ಮೂಕಜ್ಜಿಯ ಕನಸುಗಳು’ (೧೯೬೮), ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಎಂಬ ಮೂರು ಕಾದಂಬರಿಗಳನ್ನು ಇದಕ್ಕಾಗಿ ಆರಿಸಿಕೊಂಡಿದ್ದೇವೆ. ಮೂರೂ ಕರಾವಳಿ ಮಲೆನಾಡುಗಳಿಗೆ ಸೇರಿದವು. ಮೂರೂ ಬಹುಮಟ್ಟಿಗೆ ಬ್ರಾಹ್ಮಣರ ಮನೆಗಳ ಸುತ್ತ ನಡೆಯುವಂಥವು. ಆದುದರಿಂದ ಇಲ್ಲಿ ಹೇಳುವ ಮಾತುಗಳು ಕನ್ನಡ ಕಾದಂಬರಿಗೆಲ್ಲ ಅನ್ವಯಿಸುತ್ತವೆಂಬ ಹಟ ನಮಗಿಲ್ಲ.

ಮೊದಲು ಪದಗಳ ಮಾತು. ಆಸ್ತಿಕ, ನಾಸ್ತಿಕ ಎಂಬ ಜೋಡಿ ಇಂದು ನಮಗೆ ಹಗಲು ರಾತ್ರಿಗಳಷ್ಟು ಸ್ಪಷ್ಟವಾಗಿ ತೋರುತ್ತದೆ. ಇವೆರಡರ ನಡುವೆ ಮೂರನೆಯದಕ್ಕೆ ಎಡೆಯೆಲ್ಲಿ ಎಂದು ಕೇಳುವಷ್ಟು. ಪಾಣಿನಿಗೆ ಹಾಗೆ ತೋರಿರಲಿಲ್ಲ. ‘ಅಷ್ಟಾಧ್ಯಾಯಿ’ಯ ನಾಲ್ಕನೆಯ ಅಧ್ಯಾಯದಲ್ಲಿ ಈ ಎರಡು ರೂಪಗಳನ್ನು ಸಾಧಿಸುವ ಸೂತ್ರವೇ ಮೂರನೆಯದೊಂದನ್ನೂ ಸಾಧಿಸುತ್ತದೆ: ಇದೆ ಎಂಬ ಮತಿಯುಳ್ಳವನು ಆಸ್ತಿಕ, ಇಲ್ಲ ಎಂಬ ಮತಿಯುಳ್ಳವನು ನಾಸ್ತಿಕ, ದಿಷ್ಟ ಅಂದರೆ ವಿಧಿಯೆಂಬ ಮತಿಯುಳ್ಳವನು ದೈಷ್ಟಿಕ. ಏನು ಇದೆ, ಏನು ಇಲ್ಲ ಎಂಬುದನ್ನು ಸೂತ್ರ ಹೇಳುವುದಿಲ್ಲ. ವ್ಯಾಖ್ಯಾನಕಾರರು ಪರಲೋಕವೆಂದು ತುಂಬಿಕೊಡುತ್ತಾರೆ. ದೇವರ ಮಾತು ಅಲ್ಲಿ ಬರುವುದಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ನಾಸ್ತಿಕನೆಂದರೆ ವೇದವನ್ನು ನಿಂದಿಸುವವನು. ತರ್ಕವನ್ನು ನಂಬಿ ಶ್ರುತಿಸ್ಮೃತಿಗಳನ್ನು ಅಲಕ್ಷ್ಯ ಮಾಡುವವನು. ಸಜ್ಜನರು ಅವನನ್ನು ಬಹಿಷ್ಕರಿಸತಕ್ಕದ್ದು. ಈ ಲೆಕ್ಕದಲ್ಲಿ ಈಶ್ವರನನ್ನು ಒಪ್ಪದ ಸಾಂಖ್ಯನೂ ಜಗತ್ಕರ್ತನ ಅಗತ್ಯವನ್ನೇ ಕಾಣದ ಪೂರ್ವಮೀಮಾಂಸಕನೂ ಆಸ್ತಿಕರು. ತೀರ್ಥಂಕರನ ಮುಂದೆ ಕೈಮುಗಿದು ನಿಂತ ಜೈನ ನಾಸ್ತಿಕ. ಇಂದು ನಾವು ಬಳಸುವ ಅರ್ಥ, ಎಂದರೆ ದೇವರನ್ನು ನಂಬುವವನು ಮತ್ತು ನಂಬದವನು ಎಂಬುದು, ಇಂಗ್ಲಿಷ್ ವಿದ್ಯಾಭ್ಯಾಸದ ಜೊತೆಗೆ ಬಂದು ಹಳೆಯ ಪದಗಳಲ್ಲಿ ಮನೆಮಾಡಿಕೊಂಡಿತು.

ಮನುವಿನ ಮಾತಿನಲ್ಲಿ ಗಮನಿಸತಕ್ಕ ಅಂಶ ಕೊನೆಯ ಭಾಗ. ನಾಸ್ತಿಕ ಎಂಬುದು ಅಲ್ಲಿ ಒಬ್ಬನ ಒಳಗನ್ನು ವರ್ಣಿಸುವ ಪದವಾಗಿ ಬಂದಿಲ್ಲ. ಅವನೊಂದಿಗೆ ಉಳಿದವರು ಏನು ಮಾಡಬೇಕೆಂಬುದನ್ನು ಗೊತ್ತುಪಡಿಸುವ ಪದವಾಗಿ ಬಂದಿದೆ. ಪಂಕ್ತಿಯಲ್ಲಿ ಕೂರಿಸಬೇಕೋ, ಎಬ್ಬಿಸಬೇಕೋ ಎಂಬುದು ನಿರ್ಧಾರವಾಗಬೇಕಾಗಿದೆ. ಅದಕ್ಕೆ ಹೆಸರು ಬೇಕಾಗಿದೆ. ಹಣೆಪಟ್ಟಿಗಳ ಚರಿತ್ರೆಯಲ್ಲೆಲ್ಲ ಈ ಅವಸರ ಕಾಣುತ್ತದೆ. ೨೦೧೧ರ ಜನಗಣತಿಯಲ್ಲಿ ‘ಮತ ತಿಳಿಸಿಲ್ಲ’ ಎಂಬ ಸಾಲಿನಲ್ಲಿ ೨೮ ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವಿದೆ. ನಂಬದವರು, ನಂಬಿಯೂ ಹೇಳಲೊಲ್ಲದವರು, ಕೇಳುವವನೇ ಕೇಳಲು ಮರೆತವರು, ಎಲ್ಲರೂ ಆ ಒಂದು ಸಾಲಿನೊಳಗೆ ಒತ್ತಿಕೊಂಡು ಕುಳಿತಿರಬೇಕು. ಗಣತಿಗೆ ಅಷ್ಟು ಸಾಕು. ವಿಮರ್ಶೆಗೂ ಅಷ್ಟೇ ಸಾಕಾಗತೊಡಗಿದರೆ ಚಿಂತಿಸಬೇಕಾಗುತ್ತದೆ.

ನಮ್ಮ ಸಾಹಿತ್ಯಚರಿತ್ರೆಯ ಬಾಗಿಲಲ್ಲೇ ಈ ತೊಡಕು ನಿಂತಿದೆ. ಪಂಪ ‘ವಿಕ್ರಮಾರ್ಜುನವಿಜಯ’ದಲ್ಲಿ ತನ್ನ ವಂಶವನ್ನು ಹೇಳುವಾಗ ಯಜ್ಞಗಳನ್ನು ಮಾಡಿದ ಮಾಧವ ಸೋಮಯಾಜಿಯಿಂದ ಆರಂಭಿಸುತ್ತಾನೆ, ಆ ಹೋಮದ ಹೊಗೆಯಿಂದ ಅವನ ಕೀರ್ತಿ ಕಪ್ಪಾಯಿತೆಂದು ಒಂದು ಚುಚ್ಚುಮಾತನ್ನೂ ಸೇರಿಸುತ್ತಾನೆ. ತಂದೆ ಜಿನಧರ್ಮವನ್ನು ಹಿಡಿದುದಕ್ಕೆ ಅವನು ಕೊಡುವ ಕಾರಣ ಇನ್ನೂ ಸ್ವಾರಸ್ಯವಾದುದು: ಜಾತಿಗಳಲ್ಲಿ ಉತ್ತಮನಾದ ಬ್ರಾಹ್ಮಣನಿಗೆ ಧರ್ಮಗಳಲ್ಲಿ ಉತ್ತಮವಾದ ಜಿನಧರ್ಮವೇ ತಕ್ಕುದು. ಬ್ರಾಹ್ಮಣ್ಯವನ್ನು ಬಿಟ್ಟು ಜೈನನಾದವನ ಮಾತಿನಂತೆ ಇದಿಲ್ಲ. ಬ್ರಾಹ್ಮಣನಾಗಿದ್ದುದರಿಂದಲೇ ಜೈನನಾದವನ ಮಾತಿನಂತಿದೆ. ಪಂಪನ ತಮ್ಮ ಜಿನವಲ್ಲಭನು ಬರೆಯಿಸಿದ ಕುರಿಕ್ಯಾಲದ ಶಾಸನವೂ ಜಿನಭಕ್ತಿಯ ಜೊತೆಗೇ ಗೋತ್ರವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತದೆ. ಮನುವಿನ ಪ್ರಕಾರ ಈ ಅಣ್ಣತಮ್ಮಂದಿರು ಏನು? ಪ್ರಶ್ನೆಗೆ ಉತ್ತರ ಸುಲಭ, ಉತ್ತರದಿಂದ ಪ್ರಯೋಜನವಿಲ್ಲ. ‘ಆದಿಪುರಾಣ’ವನ್ನು ಬರೆದ ಕವಿ ಭಾರತಕಥೆಯ ಆರಂಭದಲ್ಲಿ ನಾರಾಯಣ, ಮಹೇಶ್ವರ, ಮಾರ್ತಂಡರನ್ನು ಸ್ತುತಿಸಿದನಲ್ಲ, ಅದು ಮನಃಪೂರ್ವಕವೋ ರಾಜನ ಓಲೈಕೆಯೋ ಎಂದು ವಿದ್ವಾಂಸರು ಕೇಳಿದ್ದುಂಟು. ಆಗಮಿಕ, ಲೌಕಿಕ ಎಂದು ತನ್ನ ಕಾವ್ಯಗಳನ್ನು ಪಂಪನೇ ಬೇರ್ಪಡಿಸಿಟ್ಟ. ತನ್ನನ್ನು ಬೇರ್ಪಡಿಸಿಕೊಳ್ಳಲಿಲ್ಲ.

ಈಗ ಕಾದಂಬರಿಗಳಿಗೆ ಬರೋಣ. ‘ಅಳಿದ ಮೇಲೆ’ಯ ವಸ್ತುವೇ ಒಬ್ಬ ವ್ಯಕ್ತಿಯ ಗುರುತು. ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಂಡಿದ್ದಾರೆ. ಕಥೆ ಹೇಳುವವರಿಗೂ ಅವರಿಗೂ ಇದ್ದ ಪರಿಚಯ ಹೆಚ್ಚಿನದಲ್ಲ. ಆದರೂ ಸಾಯುವಾಗ ಅವರು ಬಿಟ್ಟುಹೋದ ಕಾಗದಪತ್ರಗಳೂ ಒಂದಿಷ್ಟು ಹಣವೂ ಇವರ ಕೈಗೆ ಬರುತ್ತವೆ. ತಿಂಗಳು ತಿಂಗಳೂ ರಾಯರು ಕೆಲವರಿಗೆ ಹಣ ಕಳುಹಿಸುತ್ತಿದ್ದರೆಂಬುದು ಅವುಗಳಿಂದ ಗೊತ್ತಾಗುತ್ತದೆ. ಆ ಕೆಲವರು ಯಾರು? ಅವರಿಗೂ ರಾಯರಿಗೂ ಏನು ಸಂಬಂಧ? ಇದನ್ನು ತಿಳಿಯಲು ನಿರೂಪಕರು ಊರೂರು ಅಲೆಯುವುದೇ ಕಥೆ. ಒಬ್ಬರು ಒಳ್ಳೆಯವರೆನ್ನುತ್ತಾರೆ, ಇನ್ನೊಬ್ಬರು ಹೆಸರೆತ್ತಲೂ ಒಪ್ಪುವುದಿಲ್ಲ. ಹಳ್ಳಿಯ ಮೂಲೆಯಲ್ಲಿ ಇನ್ನೂ ಬದುಕಿರುವ ವೃದ್ಧೆ ಪಾರ್ವತಮ್ಮನ ಬಾಯಿಂದ ಹೊರಡುವ ಯಶವಂತನೇ ಬೇರೆ. ಸತ್ತವನು ಎದ್ದು ಬಂದು ಯಾವುದನ್ನೂ ತಿದ್ದುವಂತಿಲ್ಲ.

ಈ ಅಲೆದಾಟದಲ್ಲಿ ರಾಯರ ಶ್ರದ್ಧೆ ಯಾವುದಾಗಿತ್ತೆಂಬ ಪ್ರಶ್ನೆ ಬರುವುದಿಲ್ಲವೆಂದಲ್ಲ; ಬಂದರೂ ಅದು ಕಥೆಯನ್ನು ನಡೆಸುವ ಪ್ರಶ್ನೆಯಾಗುವುದಿಲ್ಲ. ನಡೆಸುವ ಪ್ರಶ್ನೆ ಋಣದ್ದು. ಈ ಮನುಷ್ಯ ಲೋಕದಿಂದ ಏನನ್ನು ಪಡೆದ, ಎಷ್ಟನ್ನು ಹಿಂದಿರುಗಿಸಿದ? ತಾನು ಪಡೆದುದಕ್ಕಿಂತ ಕಡಿಮೆ ಕೊಟ್ಟು ಹೊರಟುಹೋಗುವೆನೋ ಎಂಬ ಅಂಜಿಕೆ ಯಶವಂತರಾಯರ ಬದುಕಿನುದ್ದಕ್ಕೂ ಇದ್ದಿತೆಂಬುದು ನಿಧಾನವಾಗಿ ಹೊಳೆಯುತ್ತದೆ. ಮುಂಬಯಿಯಿಂದ ಹೋಗುತ್ತಿದ್ದ ಆ ಸಣ್ಣ ಮೊತ್ತಗಳು ದಾನಗಳಾಗಿರಲಿಲ್ಲ. ದಾನವೆಂದಿದ್ದರೆ ಪುಣ್ಯದ ಮಾತು ಬರುತ್ತಿತ್ತು, ಪುಣ್ಯವೆಂದರೆ ಪರಲೋಕ. ಇವು ಸಾಲದ ಕಂತುಗಳು.

ಇಲ್ಲಿ ಪದಗಳ ಚರಿತ್ರೆ ನಮಗೆ ಮತ್ತೆ ಸಹಾಯಕ್ಕೆ ಬರುತ್ತದೆ. ಋಣದಷ್ಟು ವೈದಿಕವಾದ ಪರಿಕಲ್ಪನೆ ಬೇರೊಂದಿಲ್ಲ. ಬ್ರಾಹ್ಮಣನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿಯಾಗಿ ಹುಟ್ಟುತ್ತಾನೆಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಶತಪಥ ಬ್ರಾಹ್ಮಣ ಇವುಗಳ ಜೊತೆಗೆ ನಾಲ್ಕನೆಯದಾಗಿ ಮನುಷ್ಯಋಣವನ್ನು ಹೇಳಿ, ಮನೆಗೆ ಬಂದವರಿಗೆ ನೆಲೆಯನ್ನೂ ಅನ್ನವನ್ನೂ ಕೊಟ್ಟು ಅದನ್ನು ತೀರಿಸಬೇಕೆನ್ನುತ್ತದೆ. ನಾಸ್ತಿಕರೆಂದು ನಾವು ಅಂಕ ಹಾಕಿದ ಲೇಖಕರು ಈ ಪಟ್ಟಿಯ ಕೊನೆಯ ಋಣವನ್ನು ಎತ್ತಿಕೊಂಡು ಅದರ ಮೇಲೊಂದು ಇಡೀ ಕಾದಂಬರಿಯನ್ನು ನಿಲ್ಲಿಸಿದರು. ಶತಪಥದ ಮಾತು ಕಾರಂತರ ಮನಸ್ಸಿನಲ್ಲಿತ್ತೇ ಎಂಬುದು ಅಮುಖ್ಯ. ಕೊಟ್ಟವರ ಋಣ, ಹಾಲಿನ ಋಣ, ಉಪ್ಪಿನ ಋಣ ಎಂದು ಹಳ್ಳಿಯ ಮಾತಿನಲ್ಲಿ ಆ ಪದ ದಿನವೂ ಓಡಾಡುತ್ತದೆ. ಅಲ್ಲಿಂದ ಎತ್ತಿಕೊಂಡಿದ್ದರೂ ಆಯಿತು. ಅದನ್ನು ಆಸ್ತಿಕರ ಪದವೆನ್ನಬೇಕೋ ನಾಸ್ತಿಕರ ಪದವೆನ್ನಬೇಕೋ ಎಂದು ಪಾರ್ವತಮ್ಮನನ್ನು ಕೇಳಿದರೆ ಆಕೆ ನಮ್ಮ ಮುಖ ನೋಡಿಯಾಳು.

‘ಅಳಿದ ಮೇಲೆ’ಯ ಒಂದು ದೋಷವನ್ನೂ ಹೇಳಿಬಿಡಬೇಕು. ಋಣದ ಲೆಕ್ಕ ಇಲ್ಲಿ ಒಮ್ಮೊಮ್ಮೆ ನಿಜವಾಗಿಯೂ ಲೆಕ್ಕವಾಗಿಬಿಡುತ್ತದೆ. ಜಮೆ, ಖರ್ಚು ಎರಡನ್ನೂ ಕೂಡಿ ಕಳೆದರೆ ಬಾಳಿನ ಬೆಲೆ ಸಿಕ್ಕಿತೆಂಬಂತೆ ನಿರೂಪಕರು ಮಾತನಾಡುವ ಎಡೆಗಳು ಒಣಗಿವೆ. ಪಡೆದುದು ಇಷ್ಟೆಂದು ಅಳೆಯಲಾಗದ ಸಂಬಂಧಗಳನ್ನು ಆ ತಕ್ಕಡಿ ಹಿಡಿಯುವುದಿಲ್ಲ. ಎಂಟು ವರ್ಷಗಳ ಅನಂತರ ಬಂದ ಮೂಕಜ್ಜಿ ತಕ್ಕಡಿಯನ್ನು ಬದಿಗಿಟ್ಟವಳು.

ಮೂಡೂರಿನ ಮೂಕಾಂಬಿಕೆ ಎಂಬತ್ತರ ಆಸುಪಾಸಿನ ಬಾಲವಿಧವೆ. ಊರು ಅವಳಿಗೆ ಮೊದಲು ಕೊಟ್ಟ ಹೆಸರು ವಿಧವೆ ಎಂಬುದು, ಎರಡನೆಯದು ಮೂಕಿ ಎಂಬುದು. ಅವಳ ನಂಬಿಕೆಯೇನೆಂದು ಊರು ಕೇಳಲಿಲ್ಲ. ಮಾತೇ ಆಡದವಳನ್ನು ಕೇಳುವುದೇನು? ಮೊಮ್ಮಗ ಸುಬ್ಬರಾಯನ ಎದುರಿಗೆ ಮಾತ್ರ ಅವಳು ಬಾಯಿಬಿಟ್ಟಳು. ಅವನು ತಂದು ಕೈಯಲ್ಲಿಟ್ಟ ಹಳೆಯ ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ: ಗುಹೆಯ ಜನ, ಅವರ ಹಸಿವು, ಅವರ ಹೆದರಿಕೆ, ಆ ಹೆದರಿಕೆಗೂ ಆಸೆಗೂ ಅವರು ಕಟ್ಟಿಕೊಂಡ ದೇವರುಗಳು. ದೇವಿ ಇದ್ದ ಕಡೆ ಗಂಡು ದೇವರು ಬರುತ್ತಾನೆ, ಇಬ್ಬರಿಗೂ ಮದುವೆಯಾಗುತ್ತದೆ, ಒಬ್ಬರ ದೇವರು ಇನ್ನೊಬ್ಬರ ದೇವರ ಮನೆಯನ್ನು ಹಿಡಿಯುತ್ತದೆ. ಇಂಥ ಪುಟಗಳನ್ನು ಎತ್ತಿ ತೋರಿಸಿ ಇದು ನಾಸ್ತಿಕತೆ ಎನ್ನುವವರು ಒಂದು ಕಡೆ. ಕಣ್ಣಿಗೆ ಕಾಣದುದು ಈಕೆಗೆ ಕಾಣುತ್ತದಲ್ಲ, ಈ ಶಕ್ತಿಯನ್ನು ಯೋಗಸಿದ್ಧಿಯೆನ್ನದೆ ಏನೆನ್ನಬೇಕು ಎನ್ನುವವರು ಇನ್ನೊಂದು ಕಡೆ.

ಇಬ್ಬರ ಮಾತೂ ಅಜ್ಜಿಯ ದನಿಯನ್ನು ಬಿಟ್ಟು ಅವಳ ಅಭಿಪ್ರಾಯಗಳನ್ನು ಮಾತ್ರ ಹಿಡಿದುಕೊಂಡಿದೆ. ಅಭಿಪ್ರಾಯಗಳೇ ಬೇಕೆಂದರೆ ಕೆಲವು ಪುಟಗಳಲ್ಲಿ ಅವು ಅಜ್ಜಿಯವಾಗಿರದೆ ಮಾನವಶಾಸ್ತ್ರವನ್ನು ಓದಿಕೊಂಡ ಕಾರಂತರವೇ ಆಗಿವೆಯೆಂಬುದನ್ನು ಒಪ್ಪಬೇಕು. ಅಶ್ವತ್ಥದ ಕಟ್ಟೆಯ ಮೇಲೆ ಉಪನ್ಯಾಸ ನಡೆದಂತೆ ತೋರುವ ಆ ಭಾಗಗಳು ಕಾದಂಬರಿಯ ದುರ್ಬಲವಾದ ಭಾಗಗಳು. ದನಿ ಬೇರೆಯದು. ದೇವರುಗಳ ಹುಟ್ಟನ್ನೂ ಮದುವೆಯನ್ನೂ ಮರೆವನ್ನೂ ಅವಳು ಹೇಳುವ ರೀತಿ ನೆರೆಮನೆಯವರ ಹುಟ್ಟು ಮದುವೆಗಳನ್ನು ಹೇಳುವ ರೀತಿಯೇ. ಅದರಲ್ಲಿ ಖಂಡನೆಯ ಉರಿಯಿಲ್ಲ, ಭಕ್ತಿಯ ನಡುಕವೂ ಇಲ್ಲ; ಸ್ವಲ್ಪ ನಗೆ ಇದೆ, ಬಹಳ ಮರುಕವಿದೆ. ಜನ ತಮ್ಮ ಕಷ್ಟಕ್ಕೆ ಮಾಡಿಕೊಂಡ ದೇವರೆಂದಮೇಲೆ ಅದನ್ನು ಒಡೆಯಲು ಅವಳ ಕೈ ಏಳುವುದಿಲ್ಲ. ಮಾಡಿಕೊಂಡವರು ಜನರೇ ಎಂದಮೇಲೆ ಅದರ ಹೆಸರಿನಲ್ಲಿ ಇನ್ನೊಬ್ಬರ ಬಾಳನ್ನು ಸುಡುವುದು ಅವಳಿಗೆ ಸಹ್ಯವಲ್ಲ. ಊರ ಬಾಯಿಗೆ ಸಿಕ್ಕಿದ ನಾಗಿಯಂಥವಳನ್ನು ಅವಳು ಹತ್ತಿರ ಕೂರಿಸಿಕೊಳ್ಳುವುದು ಇದೇ ಕಾರಣಕ್ಕೆ. ದೇವರ ವಿಚಾರದಲ್ಲಿ ಅವಳು ಹೇಳಿದುದೆಲ್ಲವನ್ನೂ ಅಳಿಸಿ, ನಾಗಿಯ ವಿಚಾರದಲ್ಲಿ ನಡೆದುಕೊಂಡುದನ್ನಷ್ಟೇ ಉಳಿಸಿದರೂ ಮೂಕಜ್ಜಿ ಯಾರೆಂಬುದು ಓದುಗನಿಗೆ ತಿಳಿಯುತ್ತದೆ. ತಿರುಗಿಸಿ ಹೇಳಿದರೆ ಈ ಮಾತು ನಿಲ್ಲುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ಕಾರಂತರು ದೇವರ ವಿಚಾರದಲ್ಲಿ ತಮ್ಮ ಅವಿಶ್ವಾಸವನ್ನು ಮುಚ್ಚಿಟ್ಟವರಲ್ಲ. ಅವರ ಪಾತ್ರಗಳಿಗೆ ಅದೇ ಬಣ್ಣ ಹಚ್ಚುವುದರಲ್ಲಿ ತಪ್ಪೇನು ಎಂದು ಕೇಳಬಹುದು. ಅದೇ ಕಾರಂತರು ಜೀವಮಾನದ ಬಹುಭಾಗವನ್ನು ಯಕ್ಷಗಾನಕ್ಕೆ, ಎಂದರೆ ಪುರಾಣದ ದೇವತೆಗಳು ಹಗಲಾಗುವವರೆಗೆ ಕುಣಿಯುವ ರಂಗಕ್ಕೆ ಕೊಟ್ಟರು; ‘ಯಕ್ಷಗಾನ ಬಯಲಾಟ’ಕ್ಕೆ ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವೂ ಬಂದಿತು. ವಿರೋಧವೆಂದು ಇದನ್ನು ಕರೆದರೆ ಕಾರಂತರಿಗೆ ಅದು ವಿರೋಧವಾಗಿ ತೋರಲಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ. ಪುರೋಹಿತಶಾಹಿಯ ಮೇಲೆ ಸಿಡಿದೆದ್ದು ‘ಶ್ರೀ ರಾಮಾಯಣ ದರ್ಶನಂ’ ಬರೆದ ಕುವೆಂಪುರವರ ವಿಷಯವೂ ಹೀಗೆಯೇ. ಅದನ್ನು ವಿಸ್ತರಿಸಲು ಇಲ್ಲಿ ಅವಕಾಶವಿಲ್ಲ.

ಆಕ್ಷೇಪದ ಇನ್ನೊಂದು ಮುಖ ಇದಕ್ಕಿಂತ ಗಟ್ಟಿಯಾದುದು. ಹೆಸರುಗಳೇ ಬೇಡವೆನ್ನುವುದು ಹೇಡಿತನವಾಗಬಹುದು. ಭೌತಶಾಸ್ತ್ರದ ಅಧ್ಯಾಪಕರೂ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದಾಗ ವಿಚಾರವಾದಿ ಎಂಬ ಹೆಸರನ್ನು ಹೊತ್ತುಕೊಂಡೇ ನಿಂತರು. ಖಾದಿ ಉಟ್ಟ ಗಾಂಧೀವಾದಿಯೂ ಅವರೇ. ತಾನಾಗಿ ಎತ್ತಿಕೊಂಡ ಹೆಸರಿಗೂ ಬೇರೆಯವರು ಅಂಟಿಸಿದ ಹೆಸರಿಗೂ ಇರುವ ಅಂತರವನ್ನು ನಾವು ಮರೆಯಬಾರದು. ಎಂ. ಎಂ. ಕಲಬುರ್ಗಿಯವರ ಬಾಳಿನ ದುಡಿಮೆಯೆಲ್ಲ ವಚನಗಳು, ಶಾಸನಗಳು, ಮಠಗಳ ಹಸ್ತಪ್ರತಿಗಳು ಇವುಗಳ ನಡುವೆ ನಡೆಯಿತು. ಧರ್ಮವಿರೋಧಿ ಎಂಬ ಹೆಸರನ್ನು ಅವರಿಗೆ ಅಂಟಿಸಿದವರು ಆ ಸಂಪುಟಗಳನ್ನು ಓದಿದ್ದರೋ ಇಲ್ಲವೋ. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಕನ್ನಡ ವಿಭಾಗಗಳಲ್ಲಿ ಕೆಲಸ ಮಾಡುವ ನಮ್ಮಂಥವರು ಪ್ರಶ್ನಪತ್ರಿಕೆಯ ಪದಗಳನ್ನು ಹಗುರವಾಗಿ ಬಳಸುವಾಗ ಈ ಸಂಗತಿ ನೆನಪಿಗೆ ಬರದೆ ಹೋಗುವುದಿಲ್ಲ.

‘ಸಂಸ್ಕಾರ’ದ ಕಡೆಗೆ ಬಂದರೆ ಮನುವಿನ ಬಹಿಷ್ಕಾರದ ಮಾತು ನೇರವಾಗಿ ಕಥೆಯೊಳಕ್ಕೆ ನಡೆದುಬರುತ್ತದೆ. ದೂರ್ವಾಸಪುರದ ಮಾಧ್ವರ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಸಾಲಿಗ್ರಾಮವನ್ನು ನೀರಿಗೆಸೆದವನು, ದೇವಸ್ಥಾನದ ಹೊಂಡದ ಮೀನು ಹಿಡಿಸಿದವನು, ಮದ್ಯಮಾಂಸ ಮುಟ್ಟಿದವನು, ಹೆಂಡತಿಯನ್ನು ಬಿಟ್ಟು ಚಂದ್ರಿಯೊಡನೆ ಬಾಳಿದವನು. ಶಾಸ್ತ್ರದ ಪ್ರಕಾರ ಅವನನ್ನು ಬಹಿಷ್ಕರಿಸಿದ್ದರೆ ಅವನ ಹೆಣ ಯಾರಿಗೂ ತೊಡಕಾಗುತ್ತಿರಲಿಲ್ಲ. ಬಹಿಷ್ಕರಿಸಿದರೆ ತಾನು ಮುಸಲ್ಮಾನನಾಗಿ ಅಗ್ರಹಾರದಲ್ಲೇ ಉಳಿಯುವೆನೆಂದು ಅವನು ಬೆದರಿಸಿದ್ದ. ಅವನು ಇಂದಲ್ಲ ನಾಳೆ ತಿದ್ದಿಕೊಂಡಾನೆಂಬ ಆಸೆ ಪ್ರಾಣೇಶಾಚಾರ್ಯರಿಗಿತ್ತು. ಹೀಗಾಗಿ ಬ್ರಾಹ್ಮಣ್ಯವನ್ನೆಲ್ಲ ಎಸೆದವನು ಬ್ರಾಹ್ಮಣನಾಗಿಯೇ ಸತ್ತ. ಹೆಣ ಎತ್ತದೆ ಅಗ್ರಹಾರದವರು ಉಣ್ಣುವಂತಿಲ್ಲ. ಎತ್ತುವವರು ಯಾರೆಂದು ಗೊತ್ತಾಗುವ ತನಕ ಎತ್ತುವಂತಿಲ್ಲ.

ಈ ಕಾದಂಬರಿಯನ್ನು ಕುರಿತ ಚರ್ಚೆಗಳಲ್ಲಿ ನಾರಣಪ್ಪನನ್ನು ಚಾರ್ವಾಕನೆಂದೂ ಆಚಾರ್ಯರನ್ನು ಆಸ್ತಿಕತೆಯ ಪ್ರತಿನಿಧಿಯೆಂದೂ ನಿಲ್ಲಿಸಿ ಇಬ್ಬರ ನಡುವಿನ ಸಂಘರ್ಷವೇ ವಸ್ತುವೆಂದು ವಿವರಿಸುವ ರೂಢಿ ಇದೆ. ಈ ವಿವರಣೆಯಲ್ಲಿ ಒಂದು ಅನುಕೂಲವುಂಟು: ಆಚಾರ್ಯರು ಕಾಡಿನಲ್ಲಿ ಚಂದ್ರಿಯನ್ನು ಕೂಡಿದ ಕ್ಷಣ ಒಂದು ಪಕ್ಷ ಸೋತಿತು, ಇನ್ನೊಂದು ಗೆದ್ದಿತು ಎಂದು ಮುಗಿಸಿಬಿಡಬಹುದು. ಆದರೆ ಕಾದಂಬರಿ ಅಲ್ಲಿಗೆ ಮುಗಿಯದೆ ಅಷ್ಟೇ ದೂರ ಮುಂದೆ ಹೋಗುತ್ತದೆ. ನಾರಣಪ್ಪನ ಬಂಡಾಯವೆಲ್ಲ ಅಗ್ರಹಾರದ ಕಡೆ ಮುಖ ಮಾಡಿ ನಡೆದುದು. ಸಾಲಿಗ್ರಾಮ ಬರಿಯ ಕಲ್ಲೆಂದು ಅವನಿಗೆ ಅನ್ನಿಸಿದ್ದರೆ ಎಲ್ಲರಿಗೂ ಕಾಣುವಂತೆ ನೀರಿಗೆಸೆಯುವ ಅಗತ್ಯವೇನಿತ್ತು? ಕಲ್ಲನ್ನು ಎಸೆದು ತೋರಿಸುವವರುಂಟೆ? ಅವನ ನಾಸ್ತಿಕತೆಗೆ ಅಗ್ರಹಾರ ಬೇಕು, ಅಗ್ರಹಾರದ ಆಸ್ತಿಕತೆಗೆ ಅವನು ಬೇಕು. ಆಚಾರ್ಯರ ಸ್ಥಿತಿಯೂ ಇದಕ್ಕೆ ಹೊರತಲ್ಲ. ರೋಗಿಯಾದ ಭಾಗೀರಥಿಯ ಸೇವೆಯನ್ನು ತಮ್ಮ ಮೋಕ್ಷದ ಸಾಧನವೆಂದು ಅವರು ಎಣಿಸಿದ್ದರು. ಆಕೆಗೆ ತಾನು ಹೆಂಡತಿಯೋ ಸಾಧನವೋ ಎಂದು ತಿಳಿಯುವ ಅವಕಾಶವೇ ಬರಲಿಲ್ಲ.

ಹೆಣವನ್ನು ಸುಟ್ಟವರು ಯಾರು ಎಂಬಲ್ಲಿ ಕಾದಂಬರಿಯ ತಿರುಳಿದೆಯೆಂದು ನಮ್ಮ ಅಭಿಪ್ರಾಯ. ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಉತ್ತರ ಸಿಗಲಿಲ್ಲ, ಮಾರುತಿಯ ಪ್ರಸಾದದಲ್ಲಿಯೂ ಸಿಗಲಿಲ್ಲ. ರಾತ್ರಿಯಲ್ಲಿ ಚಂದ್ರಿ ಒಬ್ಬಳೇ ಹೊರಟು, ಗಾಡಿಯವನೊಬ್ಬನನ್ನು ಬೇಡಿ, ಅವನು ಬ್ರಾಹ್ಮಣನ ಹೆಣ ಮುಟ್ಟಲಾರೆನೆನ್ನಲು, ಮೀನು ಮಾರುವ ಅಹಮದ್ ಬ್ಯಾರಿಯ ಬಳಿಗೆ ಹೋಗುತ್ತಾಳೆ. ಅವನು ಕೈಸೋತಿದ್ದ ಕಾಲದಲ್ಲಿ ಎತ್ತು ಕೊಳ್ಳಲು ನಾರಣಪ್ಪ ಸಾಲ ಕೊಟ್ಟಿದ್ದ. ಅವನು ಗಾಡಿ ಕಟ್ಟಿಕೊಂಡು ಬರುತ್ತಾನೆ, ಹೆಣ ಸುಡುತ್ತದೆ, ಗಾಡಿ ಹಿಂದಿರುಗುತ್ತದೆ. ಕಾದಂಬರಿಕಾರರು ಇದಕ್ಕೆ ಕೊಟ್ಟ ಜಾಗ ತೀರ ಸ್ವಲ್ಪ. ವ್ಯಾಖ್ಯಾನವಂತೂ ಇಲ್ಲವೇ ಇಲ್ಲ. ಅತ್ತ ಅಗ್ರಹಾರದವರು ಇದಾವುದನ್ನೂ ತಿಳಿಯದೆ ಹೆಣದ ಸಂಸ್ಕಾರದ ಪ್ರಶ್ನೆಯನ್ನು ಹೊತ್ತುಕೊಂಡು ಮಠದ ಸ್ವಾಮಿಗಳವರೆಗೂ ಹೋಗುತ್ತಾರೆ.

‘ಅಳಿದ ಮೇಲೆ’ಯ ಸಾಲದ ಕಂತು ಇಲ್ಲಿ ಎತ್ತುಗಳ ರೂಪದಲ್ಲಿ ಬಂದಿದೆ. ಇಬ್ಬರು ಲೇಖಕರ ಮನೋಧರ್ಮ ಬೇರೆ, ಕಾಲದ ಒತ್ತಡ ಬೇರೆ; ಒಬ್ಬರಿಂದ ಇನ್ನೊಬ್ಬರು ಪಡೆದರೆಂದು ನಾವು ಸೂಚಿಸುತ್ತಿಲ್ಲ. ಅಗ್ರಹಾರದ ಕಣ್ಣಿಗೆ ನಾರಣಪ್ಪ ಭ್ರಷ್ಟ, ವಿಮರ್ಶಕರ ಕಣ್ಣಿಗೆ ಬಂಡಾಯಗಾರ. ಅಹಮದ್ ಬ್ಯಾರಿಯ ಕಣ್ಣಿಗೆ ಅವನು ಕಷ್ಟಕಾಲದಲ್ಲಿ ಎತ್ತು ಕೊಡಿಸಿದವನು. ಮೂರರಲ್ಲಿ ಯಾವುದು ನಾರಣಪ್ಪನ ನಿಜವಾದ ಗುರುತು ಎಂದು ಕೇಳಿದರೆ ಒಂದನ್ನೇ ಆರಿಸುವುದು ಕಷ್ಟ. ಅವನ ಹೆಣವನ್ನು ನೆಲದಿಂದ ಎತ್ತಲು ಸಾಧ್ಯವಾದುದು ಮೂರನೆಯದರಿಂದ ಮಾತ್ರ ಎಂಬಷ್ಟನ್ನು ಕಾದಂಬರಿಯೇ ಹೇಳಿದೆ.

ಕೊನೆಯ ಭಾಗದಲ್ಲಿ ಆಚಾರ್ಯರು ಹೆಸರಿಲ್ಲದವರಾಗಲು ಹೊರಡುತ್ತಾರೆ. ಮೇಳಿಗೆಯ ತೇರಿನ ಜಾತ್ರೆಯಲ್ಲಿ ಯಾರೋ ಒಬ್ಬರಾಗಿ ಬೆರೆತುಹೋಗಬೇಕೆಂಬ ಅವರ ಆಸೆ, ಸೂತಕದಲ್ಲಿದ್ದೂ ಪಂಕ್ತಿಯಲ್ಲಿ ಕೂತು ಉಣ್ಣುವಾಗಿನ ಭಯ, ಗುರುತು ಹಿಡಿದ ಕೂಡಲೇ ಎದ್ದೋಡುವುದು, ಇವೆಲ್ಲ ನಮ್ಮ ವಿಷಯಕ್ಕೆ ಬಹಳ ಹತ್ತಿರದವು. ಹಣೆಪಟ್ಟಿಯನ್ನು ಕಿತ್ತೊಗೆದರೆ ಕೆಳಗಿರುವ ವ್ಯಕ್ತಿ ತಾನಾಗಿ ಹೊಳೆಯುತ್ತಾನೆಂಬ ಸುಲಭವಾದ ನಂಬಿಕೆಯನ್ನು ಈ ಪುಟಗಳು ಒಡೆಯುತ್ತವೆ. ಬೆನ್ನುಬಿಡದ ಮಾಲೇರ ಪುಟ್ಟ ಅವರನ್ನು ಏನೇನೋ ಕೇಳುತ್ತಾನೆ. ಅವರು ಹೇಳುವ ಉತ್ತರಗಳೆಲ್ಲ ಸುಳ್ಳಾಗುತ್ತವೆ. ಆಸ್ತಿಕ, ನಾಸ್ತಿಕ ಎರಡೂ ಅಲ್ಲದ ಮಾನವತಾವಾದಿ ಎಂಬ ಮೂರನೆಯ ಹೆಸರನ್ನು ಆಚಾರ್ಯರಿಗೆ ಕಟ್ಟಿ ಕಾದಂಬರಿಯನ್ನು ಸುಖಾಂತವಾಗಿಸಿದ ಪ್ರಬಂಧಗಳನ್ನು ನಾವು ಓದಿದ್ದೇವೆ. ಅದೂ ಒಂದು ಹಣೆಪಟ್ಟಿಯೇ. ಮೊದಲಿನ ಎರಡಕ್ಕಿಂತ ಅಂಟು ಹೆಚ್ಚು. ಅಗ್ರಹಾರಕ್ಕೆ ಹಿಂದಿರುಗಿ ನಡೆದುದನ್ನು ನಡೆದಂತೆ ಹೇಳಬೇಕೆಂಬ ನಿರ್ಧಾರ ಅವರದು. ಗಾಡಿಯ ಮೇಲೆ ಅವರನ್ನು ಕೂರಿಸಿ ಕಾದಂಬರಿಕಾರರು ನಿಲ್ಲಿಸಿದ್ದಾರೆ. ಹೇಳಿದರೋ ಇಲ್ಲವೋ ನಮಗೆ ಗೊತ್ತಿಲ್ಲ.

ಈ ಮೂರು ಕಾದಂಬರಿಗಳನ್ನು ಒಟ್ಟಿಗೆ ಓದುವಾಗ ನಮ್ಮ ಗಮನಕ್ಕೆ ಬಂದ ಇನ್ನೊಂದು ಸಂಗತಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬರಬಹುದು. ದೇವರನ್ನು ನಂಬುವೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ಸಮಾಜವೂ ಅದರ ಬೆನ್ನಿಗೆ ನಮ್ಮ ವ್ಯಾಸಂಗವೂ ಎಲ್ಲರಿಗೂ ಹಾಕಿಲ್ಲ. ಯಶವಂತರಾಯರಿಗೆ ಹಾಕಿದೆ, ನಾರಣಪ್ಪನಿಗೆ ಹಾಕಿದೆ, ಆಚಾರ್ಯರಿಗೆ ಹಾಕಿದೆ. ಮೂಕಜ್ಜಿಗೆ ಅವಳು ಬಾಯಿಬಿಟ್ಟ ಮೇಲೆ ಹಾಕಿದೆ. ಶಾಸ್ತ್ರವನ್ನು ಎಸೆಯಬೇಕಾದರೆ ಅದು ಮೊದಲು ಕೈಯಲ್ಲಿರಬೇಕು. ಚಂದ್ರಿಯ ಕೈಯಲ್ಲಿ ಅದಿರಲಿಲ್ಲ. ಹೆಣದ ಖರ್ಚಿಗೆಂದು ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದಿಟ್ಟವಳು ಅವಳು. ಆ ಬಂಗಾರವೇ ಅಗ್ರಹಾರದವರ ಆಸೆಯನ್ನು ಕೆದಕಿತು. ಸತ್ತವನಿಗೆ ಸಂಸ್ಕಾರವಾಗಲೇಬೇಕೆಂದು ಕೊನೆಯವರೆಗೂ ಹಟ ಹಿಡಿದವಳು ಅವಳೊಬ್ಬಳು. ಮಂತ್ರವಿಲ್ಲದೆ, ಮುಸಲ್ಮಾನನ ಗಾಡಿಯಲ್ಲಿ, ಕತ್ತಲಲ್ಲಿ ಅದನ್ನು ಮುಗಿಸಲು ಹಿಂಜರಿಯದವಳೂ ಅವಳೇ. ಅನಂತರ ಯಾರಿಗೂ ಹೇಳದೆ ಕುಂದಾಪುರದ ದಾರಿ ಹಿಡಿದಳು. ಅವಳ ಶ್ರದ್ಧೆ ಎಂಥದು ಎಂದು ಕೇಳಿದ ಪ್ರಬಂಧ ನಮ್ಮ ಕಣ್ಣಿಗೆ ಈವರೆಗೆ ಬಿದ್ದಿಲ್ಲ.